ಮಡಿಕೇರಿ ಆಕಾಶವಾಣಿ 103.1 ನಮ್ಮ ಹೊಸ ಮನೆಗೆ ಸಿಗ್ತಿಲ್ಲ, ನೆಟ್‌ನಲ್ಲಿ ಹಾಕಿಕೊಡೋದು ಹೇಗೆ? ಅಪ್ಪನಿಗೆ ಫೋನ್ ಮಾತ್ರ ಬೇಡ

ಕಕ್ಕಬ್ಬೆ_ಜೇನು · ಸೆಪ್ಟೆಂಬರ್ 6, ರಾತ್ರಿ 9:40

ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ ನಿನ್ನೆ ಬೆಂಗಳೂರಿಗೆ ವಾಪಸ್ ಬಂದೆ. ಒಂದು ಸಮಸ್ಯೆ ಉಂಟು, ಗೊತ್ತಿದ್ದವರು ದಾರಿ ಹೇಳಿ.

ಅಪ್ಪನಿಗೆ 78. ಮಿಲಿಟರಿಯಲ್ಲಿದ್ದವರು. ಎದ್ದ ಕೂಡಲೇ ರೇಡಿಯೋ, ಆಮೇಲೆ ಕಾಫಿ, ಮಾತು ಅದಾದ ಮೇಲೆ. ಹಳೇ ಮನೆ ಗುಡ್ಡದ ಮೇಲಿತ್ತು, ಮಡಿಕೇರಿ ಆಕಾಶವಾಣಿ ಗಂಟೆ ಬಾರಿಸಿದ ಹಾಗೆ ಕೇಳ್ತಿತ್ತು. ಅವರ ಮೊಣಕಾಲು ನೋವಿನಿಂದಾಗಿ ಎರಡು ವರ್ಷದ ಹಿಂದೆ ಕೆಳಗೆ, ಗದ್ದೆ ಪಕ್ಕ ಹೊಸ ಮನೆ ಕಟ್ಟಿದೆವು. ಮನೆ ಚೆನ್ನಾಗಿದೆ, ಮೆಟ್ಟಿಲಿಲ್ಲ, ಬಾತ್‌ರೂಮು ಒಳಗೇ ಇದೆ. ಆದರೆ ರೇಡಿಯೋ ಹಾಕಿದ್ರೆ ಬರೀ ಜೊರ್ರ್ ಅಂತ ಸದ್ದು. ಮಳೆಗಾಲದ ಸದ್ದಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ.

ಈಗ ಮನೆಗೆ ಫೈಬರ್ ಬಂದಿದೆ. ಹಾಗಾಗಿ ಬುದ್ಧಿವಂತಿಕೆ ಮಾಡಿ ಕಳೆದ ಪುತ್ತರಿ ಹಬ್ಬಕ್ಕೆ ಒಂದು ಸ್ಮಾರ್ಟ್ ಸ್ಪೀಕರ್ ತಂದುಕೊಟ್ಟೆ. ಅಪ್ಪ ಅದರ ಜೊತೆ ಕೊಡವ ತಕ್ಕ್‌ನಲ್ಲಿ ಮಾತಾಡ್ತಾರೆ, ಅದು ಇಂಗ್ಲಿಷ್‌ನಲ್ಲಿ ಕ್ಷಮೆ ಕೇಳುತ್ತೆ. ನಾಲ್ಕು ದಿನ ಆದ ಮೇಲೆ "ಇದು ಆರ್ಡರ್ ತಗೊಳ್ಳಲ್ಲ" ಅಂತ ಹೇಳಿ ಅದರ ಮೇಲೆ ಟವೆಲ್ ಹೊದೆಸಿ ಇಟ್ಟಿದ್ದಾರೆ. ಈ ಸಲ ಹೋದಾಗಲೂ ಟವೆಲ್ ಹಾಗೇ ಇತ್ತು.

ಅವರಿಗೆ ಬೇಕಾಗಿರೋದು ಇಷ್ಟೇ: ಹಳೇ ಟೂ-ಇನ್-ಒನ್, ಮಿಲಿಟರಿ ಕ್ಯಾಂಟೀನಿನಲ್ಲಿ ತಗೊಂಡದ್ದು, ಅದರ ಗುಂಡಿ ತಿರುಗಿಸಬೇಕು, ಮಡಿಕೇರಿ ಬರಬೇಕು. ಫೋನಿನ ಪರದೆ ಉಜ್ಜೋದು ಅವರಿಂದ ಆಗಲ್ಲ, ಬೆರಳು ಒರಟು, ಕಣ್ಣು ಮಂದ. ಏನಾದರೂ ಉಪಾಯ ಉಂಟಾ?

ಸುಂಟಿಕೊಪ್ಪದವ · ಸೆಪ್ಟೆಂಬರ್ 6, ರಾತ್ರಿ 10:02

ನ್ಯೂಸ್ ಆನ್ ಏರ್ ಆ್ಯಪ್ ಹಾಕಿ. ಪ್ರಸಾರ ಭಾರತಿಯದ್ದೇ, ದುಡ್ಡಿಲ್ಲ, ಆಕಾಶವಾಣಿಯ 240ಕ್ಕೂ ಹೆಚ್ಚು ವಾಹಿನಿ ಅದರಲ್ಲಿವೆ. ಕರ್ನಾಟಕದ ಪಟ್ಟಿಗೆ ಹೋದರೆ ಮಡಿಕೇರಿ ಸಿಗುತ್ತೆ. 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ಇನ್ನೊಂದು ಬಿಟ್ಟಿದ್ದಾರೆ, ಟಿವಿ ರೇಡಿಯೋ ಎಲ್ಲ ಒಂದೇ ಕಡೆ. ಮುಗೀತಲ್ಲ.

ಕಕ್ಕಬ್ಬೆ_ಜೇನು · ಸೆಪ್ಟೆಂಬರ್ 6, ರಾತ್ರಿ 10:10

ಅಣ್ಣ, ತಲೆಬರಹ ಇನ್ನೊಂದು ಸಲ ಓದಿ 😊

ಮಸ್ಕತ್‌_ಮಡಿಕೇರಿ · ಸೆಪ್ಟೆಂಬರ್ 7, ಬೆಳಿಗ್ಗೆ 7:15

ಉಪಾಯ ನನ್ನ ಹತ್ತಿರ ಇಲ್ಲ, ಆದರೆ ಈ ವಿಷಯ ನೋಡಿ ಸುಮ್ಮನಿರೋಕಾಗಲಿಲ್ಲ.

ಹನ್ನೊಂದು ವರ್ಷದಿಂದ ಗಾಡಿ ಓಡಿಸ್ತಾ ಇದ್ದೇನೆ ಇಲ್ಲಿ. ನಮಗೆ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಊರಲ್ಲಿ ಆರು ಗಂಟೆಗೆ ನಿಲಯ ಶುರುವಾಗೋ ಹೊತ್ತಿಗೆ ಇಲ್ಲಿ ನಾಲ್ಕೂವರೆ, ನಾನು ಅದೇ ಹೊತ್ತಿಗೆ ಗಾಡಿ ತೆಗೀತೇನೆ. ಆ ಶಿವರಂಜನಿ ರಾಗದ ಸಿಗ್ನೇಚರ್ ಟ್ಯೂನ್ ಬಂತು ಅಂದರೆ ಹೊರಗೆ ಮರಳಿದ್ದರೂ ಒಳಗೆ ನಮ್ಮ ಅಡುಗೆಮನೆ ಹೊಗೆ. 6:55ಕ್ಕೆ ಸಂಸ್ಕೃತ ವಾರ್ತೆ. ಒಂದಕ್ಷರ ಅರ್ಥ ಆಗಲ್ಲ, ಆದರೂ ಬಿಟ್ಟಿಲ್ಲ. ಚಿಕ್ಕವನಿದ್ದಾಗ ಆ ವಾರ್ತೆ ಮುಗಿಯೋದರೊಳಗೆ ಸ್ನಾನಕ್ಕೆ ಹೋಗದಿದ್ದರೆ ಏಟು ಬೀಳ್ತಿತ್ತು, ಈಗಲೂ ಬೆನ್ನು ಹುಷಾರಾಗುತ್ತೆ.

ನಮ್ಮದು ಅರೆಭಾಷೆ ಮನೆ. ಇಲ್ಲಿ ಕನ್ನಡ ಮಾತಾಡೋರು ಬೇಕಷ್ಟು ಸಿಗ್ತಾರೆ, ಅರೆಭಾಷೆಗೆ ನನ್ನ ರೂಮಿನಲ್ಲಿ ಯಾರೂ ಇಲ್ಲ. ಮಡಿಕೇರಿಯಲ್ಲಿ ಅರೆಭಾಷೆ ಕಾರ್ಯಕ್ರಮ ಬಂದ ದಿನ ಗಾಡಿ ಪಕ್ಕಕ್ಕೆ ಹಾಕಿ ಕೇಳಿದ್ದುಂಟು. ಸಿನಿಮಾ ಹಾಡು ಎಲ್ಲಾದರೂ ಸಿಗುತ್ತೆ. ನಮ್ಮ ಅಜ್ಜಿ ಬೈಯ್ಯುವ ಭಾಷೆಯಲ್ಲಿ ಗೊಬ್ಬರದ ವಿಷಯ ಹೇಳೋ ರೇಡಿಯೋ ಬೇರೆ ಎಲ್ಲಿ ಸಿಗುತ್ತೆ ಹೇಳಿ.

ಲೀಡ್ಸ್‌ನಿಂದ · ಸೆಪ್ಟೆಂಬರ್ 7, ಮಧ್ಯಾಹ್ನ 1:30

ನಾನು ನರ್ಸ್, ಊರು ಅಮ್ಮತ್ತಿ ಕಡೆ. ನಾನು ಮೊದಲು ಕೇಳ್ತಾ ಇದ್ದದ್ದು ರೇಡಿಯೋ ಗಾರ್ಡನ್‌ನಲ್ಲಿ. ಭೂಗೋಳ ತಿರುಗಿಸಿ ಹಸಿರು ಚುಕ್ಕಿ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೋ ಹಾಡುತ್ತೆ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಶುರು ಮಾಡಿದ್ದು. ರಾತ್ರಿ ಪಾಳಿ ಮುಗಿಸಿ ಬಂದು ಬೆರಳಲ್ಲಿ ಇಂಡಿಯಾ ಹುಡುಕಿ, ಅದರಲ್ಲಿ ಪಶ್ಚಿಮ ಘಟ್ಟ ಹುಡುಕಿ, ಚುಕ್ಕಿಯಿಂದ ಚುಕ್ಕಿಗೆ ಹೋಗೋದೇ ಒಂದು ಖುಷಿಯಾಗಿತ್ತು. ಆದರೆ 2022ರಿಂದ ಬ್ರಿಟನ್ನಿನಲ್ಲಿ ಕೂತವರಿಗೆ ಅದರಲ್ಲಿ ಹೊರದೇಶದ ಸ್ಟೇಷನ್ ಯಾವುದೂ ಬರಲ್ಲ. ಹಾಡಿನ ಹಕ್ಕಿನ ತಕರಾರು, ಕೋರ್ಟಿನವರೆಗೆ ಹೋಗಿತ್ತು, ಅದು ಇನ್ನೊಂದು ಕಂಪನಿಯ ಕೇಸು, ಪೆಟ್ಟು ಇವರಿಗೂ ಬಿತ್ತು. ಹಾಗಾಗಿ ಈಗ ಆಕಾಶವಾಣಿಯದ್ದೇ ಆ್ಯಪ್. ನೋಡೋಕೆ ಚಂದ ಇಲ್ಲ, ಪರವಾಗಿಲ್ಲ.

ಒಂದು ಎಚ್ಚರಿಕೆ ಮಾತು: ಯಾವುದೋ ಜಾಲತಾಣದಲ್ಲಿ ಸಿಕ್ಕಿದ ಕೊಂಡಿ ಉಳಿಸಿಟ್ಟುಕೊಂಡು ಅದೇ ಶಾಶ್ವತ ಅಂದುಕೊಳ್ಳಬೇಡಿ. ಪ್ರಸಾರದ ವಿಳಾಸ ಆಗಾಗ ಬದಲಾಗುತ್ತೆ. ಒಂದು ದಿನ ಬೆಳಿಗ್ಗೆ ಮೌನ. ನಾನು ಮೊದಲ ಸಲ ಮಡಿಕೇರಿಯಲ್ಲಿ ಏನೋ ಅನಾಹುತ ಆಗಿದೆ ಅಂತ ಹೆದರಿ ಮನೆಗೆ ಫೋನ್ ಮಾಡಿದ್ದೆ. ಅಮ್ಮ ದೋಸೆ ಹುಯ್ಯುತ್ತಾ ಇದ್ದರು, ಹಿಂದೆ ರೇಡಿಯೋ ಸರಿಯಾಗೇ ಹಾಡ್ತಾ ಇತ್ತು.

ನಿವೃತ್ತ_ಲೈನ್‌ಮ್ಯಾನ್ · ಸೆಪ್ಟೆಂಬರ್ 7, ಸಂಜೆ 6:20

ಎಲ್ಲರೂ ನೆಟ್ಟು ನೆಟ್ಟು ಅಂತೀರಿ. ಮೊದಲು ಗಾಳಿಯಲ್ಲಿ ಬರೋದನ್ನ ಹಿಡಿಯೋಕೆ ಪ್ರಯತ್ನ ಮಾಡಿದ್ರಾ ಮಾರಾಯ್ರೆ?

ಎಫ್‌ಎಂ ಅಂದರೆ ಹೆಚ್ಚುಕಮ್ಮಿ ಟಾರ್ಚ್ ಬೆಳಕಿನ ಹಾಗೆ. ನೇರ ಹೋಗುತ್ತೆ, ಗುಡ್ಡ ಅಡ್ಡ ಬಂದರೆ ಆಚೆಗೆ ನೆರಳು. ಹಳೇ ಮೀಡಿಯಂ ವೇವ್ ಹಾಗಲ್ಲ, ಅದು ನೆಲ ಹಿಡ್ಕೊಂಡು ತೆವಳ್ತಾ ಬರುತ್ತೆ, ಹಾಗಾಗಿಯೇ ನಮ್ಮಪ್ಪ ಬೆಂಗಳೂರು 612, ಧಾರವಾಡ 765 ಎರಡನ್ನೂ ತೋಟದಲ್ಲಿ ಕೂತು ಕೇಳ್ತಿದ್ದರು. ಮಡಿಕೇರಿ ನಿಲಯ ಎತ್ತರದಲ್ಲಿದೆ, ಅದು ಒಳ್ಳೇದು. ಆದರೆ ನಿಮ್ಮದು ಕಕ್ಕಬ್ಬೆ, ತಡಿಯಂಡಮೋಳ್ ಬುಡ. ಅಲ್ಲಿ ಗುಡ್ಡದ ಮೇಲಿನ ಮನೆಗೂ ಗದ್ದೆ ಬದಿಯ ಮನೆಗೂ ಅರ್ಧ ಕಿಲೋಮೀಟರ್ ಇರಬಹುದು, ರೇಡಿಯೋಗೆ ಅದು ಬೇರೆ ಜಿಲ್ಲೆ.

ಆದರೆ ನೆರಳು ಅಂದರೆ ಕತ್ತಲೆ ಅಲ್ಲ. ಗುಡ್ಡದ ಅಂಚಿನಿಂದ ಸ್ವಲ್ಪ ಬಗ್ಗಿ ಇಳಿಯುತ್ತೆ, ಎದುರು ಗುಡ್ಡಕ್ಕೆ ತಾಗಿ ಸ್ವಲ್ಪ ವಾಪಸ್ ಬರುತ್ತೆ. ಅದನ್ನ ಹಿಡಿಯೋಕೆ ರೇಡಿಯೋದ ಕಡ್ಡಿ ಸಾಲದು, ಹೊರಗೆ ಆಂಟೆನಾ ಕಟ್ಟಬೇಕು. ಅಂಗಡಿಯದ್ದು ಬೇಡ. ಲೆಕ್ಕ ಹೇಳ್ತೇನೆ, ಬರ್ಕೊಳ್ಳಿ.

300ನ್ನ 103.1ರಿಂದ ಭಾಗಿಸಿ. 2.91 ಮೀಟರ್, ಅದು ಅಲೆಯ ಉದ್ದ. ಅದರ ಅರ್ಧ 1.45. ತಂತಿಯಲ್ಲಿ ಸ್ವಲ್ಪ ಕಮ್ಮಿ ಬೇಕು, ನೂರಕ್ಕೆ ಐದು ಕಳೀರಿ, 1.38 ಆಯ್ತು. ಎರಡು ತುಂಡು, ಒಂದೊಂದು 69 ಸೆಂಟಿಮೀಟರ್. ಅಲ್ಯೂಮಿನಿಯಂ ಪೈಪಾದರೂ ಆಗುತ್ತೆ, ವೈರಿಂಗ್‌ನ ತಾಮ್ರದ ತಂತಿಯಾದರೂ ಆಗುತ್ತೆ. ಎರಡನ್ನೂ ಒಂದು ಪಿವಿಸಿ ಪೈಪಿಗೆ ಎದುರುಬದುರು ಕಟ್ಟಿ, ನಡುವೆ ಎರಡು ಬೆರಳು ಸಂದಿ ಬಿಡಿ. ಡಿಶ್ ಟಿವಿ ಕೇಬಲ್ ಉಂಟಲ್ಲ, ಅದರ ಒಳಗಿನ ತಂತಿ ಒಂದಕ್ಕೆ, ಹೊರಗಿನ ಜಾಲರಿ ಇನ್ನೊಂದಕ್ಕೆ. ಇನ್ನೊಂದು ತುದಿಯನ್ನ ರೇಡಿಯೋಗೆ ತನ್ನಿ. ಹೊರಗಿನ ಆಂಟೆನಾಗೆ ಜಾಗ ಇಲ್ಲದ ಸೆಟ್ಟಾದರೆ ಒಳಗಿನ ತಂತಿಯನ್ನ ಕಡ್ಡಿಗೆ ಒಂದು ಕ್ಲಿಪ್ಪಿನಲ್ಲಿ ಕಚ್ಚಿಸಿ. ಕೋಲಿನ ಅಗಲ ಮಡಿಕೇರಿ ಕಡೆ ಮುಖ ಮಾಡಬೇಕು, ತುದಿಯಲ್ಲ. ಅಡ್ಡ ಒಂದು ಸಲ, ನೆಟ್ಟಗೆ ಒಂದು ಸಲ ಹಿಡಿದು ನೋಡಿ, ಯಾವುದು ಸರಿಯೋ ಅದು. ಖರ್ಚು ಇನ್ನೂರು ಮುನ್ನೂರು ರೂಪಾಯಿ ಒಳಗೆ.

ಏಪ್ರಿಲ್ ಮೇ ಗುಡುಗಿಗೆ ಮಾತ್ರ ಕೇಬಲ್ ಕಿತ್ತು ಹೊರಗೆ ಹಾಕಬೇಕು. ಅದನ್ನ ಮರೆತರೆ ರೇಡಿಯೋ ಜೊತೆ ಗೋಡೆಯೂ ಹೋಗುತ್ತೆ. ಗೋಡೆ ಹೋದದ್ದು ನೋಡಿದ್ದೇನೆ.

ಕುಟ್ಟ_ಗಡಿ · ಸೆಪ್ಟೆಂಬರ್ 7, ರಾತ್ರಿ 8:05

ನಮ್ಮ ಕಡೆ ಕತೆಯೇ ಬೇರೆ. ಮಡಿಕೇರಿ ಹುಡುಕಿದರೆ ಮಲಯಾಳ ಸಿಗುತ್ತೆ. ವಯನಾಡಿನ ಮಾಟ್ಟೊಲಿ 90.4 ಅಂತ ಸಮುದಾಯ ರೇಡಿಯೋ ಉಂಟು, ಗಾಳಿ ಸರಿ ಇದ್ದ ದಿನ ಬರುತ್ತೆ. ಅಲ್ಲಿನ ಆದಿವಾಸಿಗಳಿಗಾಗಿಯೇ ಕಾರ್ಯಕ್ರಮ ಮಾಡ್ತಾರೆ, ನಮ್ಮ ತೋಟದ ಪಣಿಯ ಹೆಂಗಸರು ಕಾಫಿ ಕೊಯ್ಯುವಾಗ ಅದನ್ನೇ ಹಾಕಿ ಅಂತಾರೆ. ವಿರಾಜಪೇಟೆ ದಾಟಿ ಮಾಕುಟ್ಟ ಇಳಿದರೆ ಕಣ್ಣೂರು 101.5 ಗಟ್ಟಿ. ಒಟ್ಟಿನಲ್ಲಿ ಇಲ್ಲಿ ಕೂತು ಕೊಡಗಿನ ರೇಡಿಯೋ ಕೇಳೋಕೆ ನೆಟ್ ಬೇಕು, ಕೇರಳದ್ದಕ್ಕೆ ಬೇಡ. ಮಸ್ಕತ್ ಅಣ್ಣನಿಗೂ ನನಗೂ ಏನೂ ವ್ಯತ್ಯಾಸ ಇಲ್ಲ.

ಸಂಪಾಜೆ_ಘಾಟಿ · ಸೆಪ್ಟೆಂಬರ್ 8, ಬೆಳಿಗ್ಗೆ 6:50

ಲೈನ್‌ಮ್ಯಾನ್ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ವೋಟು. ಕಾರಣ ಹೇಳ್ತೇನೆ.

2018ರ ಆಗಸ್ಟ್. ಮದೆನಾಡು, ಜೋಡುಪಾಲ, ಮೊಣ್ಣಂಗೇರಿ, ಇತ್ತ ಮಕ್ಕಂದೂರು, ಹಟ್ಟಿಹೊಳೆ, ಎಲ್ಲ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಇಲ್ಲ ಆಯಿತಲ್ಲ. ನಮ್ಮಲ್ಲಿ ಕರೆಂಟು ಮೊದಲೇ ಹೋಗಿತ್ತು. ಟವರಿನ ಬ್ಯಾಟರಿ ಅರ್ಧ ದಿನ ತಡೀತು, ಆಮೇಲೆ ಅದೂ ಹೋಯಿತು. ಮೂರು ಜನರ ಕೈಯಲ್ಲಿ ನಾಲ್ಕು ಫೋನು, ನಾಲ್ಕೂ ಕಲ್ಲು. ಪಕ್ಕದ ಮನೆ ಅಜ್ಜನ ಹತ್ತಿರ ಮೂರು ದೊಡ್ಡ ಸೆಲ್ಲಿನ ಟ್ರಾನ್ಸಿಸ್ಟರ್ ಇತ್ತು. ಹನ್ನೆರಡು ಜನ ಅದರ ಸುತ್ತ ಕೂತಿದ್ದೆವು. ಅಜ್ಜ ವಾರ್ತೆಯ ಹೊತ್ತಿಗೆ ಮಾತ್ರ ಹಾಕಿ ತಕ್ಷಣ ಆರಿಸ್ತಿದ್ದರು, ಸೆಲ್ ಉಳಿಸೋಕೆ. ಯಾವನೋ ಹುಡುಗ ಹಾಡು ಹಾಕಿ ಅಂದ, ಅಜ್ಜ ನೋಡಿದ ನೋಟ ಇನ್ನೂ ನೆನಪಿದೆ. ಯಾವ ರಸ್ತೆ ಬಂದ್, ಯಾವ ಕಡೆ ಹೋಗಬಾರದು, ಎಲ್ಲ ಅದರಲ್ಲೇ ಕೇಳಿದ್ದು.

ನೆಟ್ ರೇಡಿಯೋ ಬಿಸಿಲುಗಾಲದ ನೆಂಟ. ಮಳೆ ಜೋರಾದ ದಿನ ಬಾರದೆ ಇರೋನು ಅವನೇ ಮೊದಲು.

ಸುಂಟಿಕೊಪ್ಪದವ · ಸೆಪ್ಟೆಂಬರ್ 8, ಬೆಳಿಗ್ಗೆ 9:30

ಒಪ್ಪಿದೆ, ಆದರೆ ಈಗ ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತೆ, ಮೂರು ನಾಲ್ಕು ಗಂಟೆ ಬರುತ್ತೆ.

ನಿವೃತ್ತ_ಲೈನ್‌ಮ್ಯಾನ್ · ಸೆಪ್ಟೆಂಬರ್ 8, ಬೆಳಿಗ್ಗೆ 9:55

ಬರುತ್ತೆ. ಫೈಬರ್ ಮೇಲೆ ಸಿಲ್ವರ್ ಮರ ಬಿದ್ದರೆ ಯುಪಿಎಸ್ ಎಂತ ಮಾಡ್ತದೆ?

ಹೂಮಳೆ · ಸೆಪ್ಟೆಂಬರ್ 8, ಮಧ್ಯಾಹ್ನ 3:12

ಜೇನು ಅವರೇ, ನಿಮ್ಮ ಅಪ್ಪನ ಸೆಟ್ ಟೂ-ಇನ್-ಒನ್ ಅಂದಿರಿ. ಹಾಗಾದರೆ ಕ್ಯಾಸೆಟ್ ಹಾಕೋ ಬಾಗಿಲು ಇನ್ನೂ ಕೆಲಸ ಮಾಡ್ತದಾ? ಮಾಡಿದರೆ ನಿಮ್ಮ ಸಮಸ್ಯೆ ಅರ್ಧ ಮುಗಿದ ಹಾಗೆ.

ಬಾಲ ಇರೋ ಕ್ಯಾಸೆಟ್ ಅಂತ ಬರ್ತಿತ್ತು, ನೆನಪಿದೆಯಾ? ಹಳೇ ಕಾರುಗಳಲ್ಲಿ ಫೋನಿನ ಹಾಡು ಕೇಳೋಕೆ ಹಾಕ್ತಿದ್ದರು. ನೋಡೋಕೆ ಕ್ಯಾಸೆಟ್, ಒಳಗೆ ಟೇಪ್ ಇಲ್ಲ, ಒಂದು ತಂತಿ ಹೊರಗೆ ಬಂದು ಇಯರ್‌ಫೋನಿನ ತೂತಿಗೆ ಹೋಗುತ್ತೆ. ಟೇಪ್ ಓದುವ ಹೆಡ್ಡಿಗೆ ಎದುರಾಗಿ ಇದರಲ್ಲೂ ಒಂದು ಹೆಡ್ಡು ಇರುತ್ತೆ, ಅದು ಫೋನಿನ ಸದ್ದನ್ನ ಅಯಸ್ಕಾಂತದ ಭಾಷೆಯಲ್ಲಿ ಹೇಳುತ್ತೆ, ಸೆಟ್ ಅದನ್ನ ಟೇಪ್ ಅಂತಲೇ ನಂಬುತ್ತೆ. ಮನೆಯಲ್ಲಿ ಬಿದ್ದಿರೋ ಹಳೇ ಫೋನು ಒಂದು ತಗೊಂಡು, ಸಿಮ್ ತೆಗೆದು, ವೈಫೈಗೆ ಕಟ್ಟಿ, ಆ್ಯಪಿನಲ್ಲಿ ಮಡಿಕೇರಿ ಹಾಕಿ ಟಿವಿ ಸ್ಟ್ಯಾಂಡಿನ ಹಿಂದೆ ಅಡಗಿಸಿ. ಅಪ್ಪ ಪ್ಲೇ ಗುಂಡಿ ಒತ್ತಿದರೆ ಮಡಿಕೇರಿ. ಸ್ಟಾಪ್ ಒತ್ತಿದರೆ ಸುಮ್ಮನೆ. ಹಿಂದೆ ಫೋನು ತನ್ನಷ್ಟಕ್ಕೆ ಹಾಡ್ತಾ ಇರಲಿ.

ಡೇಟಾ ಚಿಂತೆ ಬೇಡ. 64 ಕೆಬಿಪಿಎಸ್ ಪ್ರಸಾರ ಅಂದರೆ ಗಂಟೆಗೆ 29 ಎಂಬಿ ಹತ್ತಿರ. ದಿನಕ್ಕೆ ಆರು ಗಂಟೆ ಹಾಡಿದರೂ ತಿಂಗಳಿಗೆ 5 ಜಿಬಿ ಚಿಲ್ಲರೆ, ಫೈಬರಿಗೆ ಅದು ಲೆಕ್ಕವೇ ಅಲ್ಲ. ಎರಡು ವಿಷಯ ಮರೀಬೇಡಿ. ಫೋನಿನ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಉಳಿತಾಯ ಆ ಆ್ಯಪಿಗೆ ಬೇಡ ಅಂತ ಹೇಳಬೇಕು, ಇಲ್ಲದಿದ್ದರೆ ಅರ್ಧ ಗಂಟೆಗೆ ಫೋನೇ ಅದನ್ನ ಕತ್ತು ಹಿಸುಕುತ್ತೆ. ಮತ್ತೆ ಹಗಲು ರಾತ್ರಿ ಚಾರ್ಜಿನಲ್ಲಿ ಬಿಟ್ಟರೆ ಬ್ಯಾಟರಿ ಊದಿಕೊಳ್ಳುತ್ತೆ. ರಾತ್ರಿ ಆರಿ ಬೆಳಿಗ್ಗೆ ಹತ್ತೋ ಟೈಮರ್ ಪ್ಲಗ್ ಹಾಕಿ.

ಇನ್ನೊಂದು ದಾರಿ, ಕಾರಿನ ಎಫ್‌ಎಂ ಮಾಡ್ಯುಲೇಟರ್. ಫೋನಿನ ಸದ್ದನ್ನ ಅದು ಖಾಲಿ ಇರೋ ಎಫ್‌ಎಂ ಜಾಗದಲ್ಲಿ ಬಿಡುತ್ತೆ, ಕೋಣೆಯೊಳಗಿನ ರೇಡಿಯೋ ಹಿಡಿಯುತ್ತೆ. ಅಪ್ಪ ಗುಂಡಿ ತಿರುಗಿಸೋ ಸುಖವೂ ಉಳಿಯುತ್ತೆ.

ಶಾಂತಳ್ಳಿ_ಮೇಷ್ಟ್ರು · ಸೆಪ್ಟೆಂಬರ್ 8, ರಾತ್ರಿ 9:00

ಹೂಮಳೆಯವರೇ, ಕ್ಯಾಸೆಟ್ ಉಪಾಯಕ್ಕೆ ಶಹಬ್ಬಾಸ್. ಎಫ್‌ಎಂ ಬಿಡುವ ಉಪಾಯ ಮಾತ್ರ ಕಾರಿನೊಳಗೇ ಇರಲಿ. ಸ್ವಲ್ಪ ಶಕ್ತಿ ಜಾಸ್ತಿ ಮಾಡಿ ಪಕ್ಕದ ಮನೆಗೂ ಕೇಳಿಸೋಣ ಅಂತ ಆಸೆ ಹುಟ್ಟಿದರೆ ಕಾನೂನಿಗೆ ಸಿಕ್ಕಿಬೀಳ್ತೀರಿ.

ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರಾಘವ್ ಮಹತೋ ಅನ್ನುವ ರೇಡಿಯೋ ರಿಪೇರಿ ಹುಡುಗ ಚಿಲ್ಲರೆ ದುಡ್ಡಿನಲ್ಲಿ ಟ್ರಾನ್ಸ್‌ಮಿಟರ್ ಕಟ್ಟಿ, ಬಿದಿರಿಗೆ ಆಂಟೆನಾ ಏರಿಸಿ, ಊರಿಗೆಲ್ಲ ಹಾಡು, ಸುದ್ದಿ ಕೇಳಿಸಿದ. ಜನ ತಲೆ ಮೇಲೆ ಹೊತ್ತರು. ಲೈಸೆನ್ಸ್ ಇಲ್ಲ ಅಂತ 2006ರಲ್ಲಿ ಮುಚ್ಚಿಸಿದರು. ತಮಾಷೆ ಅಂದರೆ ಅದೇ ವರ್ಷ ಸರ್ಕಾರ ಸಮುದಾಯ ರೇಡಿಯೋ ನೀತಿಯನ್ನ ಸಂಘಸಂಸ್ಥೆಗಳಿಗೂ ತೆರೆಯಿತು. ಅದರ ನಂತರ ಬಂದದ್ದೇ ಸರಗೂರಿನ ಜನಧ್ವನಿ 90.8 ಥರದವು. ಸಂಸ್ಥೆಗೆ ಸಿಗುತ್ತೆ, ರಾಘವನಂಥ ಒಬ್ಬಂಟಿಗೆ ಈಗಲೂ ಇಲ್ಲ.

ನಮ್ಮ ನಾಡಿನಲ್ಲಿ ಮಾತ್ರ ಒಬ್ಬಂಟಿಗೆ ಸಿಕ್ಕ ಕಾಲವೂ ಇತ್ತು ಅನ್ನೋದನ್ನ ಮರೆಯಬೇಡಿ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದರು. ಅದರ ಹೆಸರೇ ಆಕಾಶವಾಣಿ. ಆ ಹೆಸರು ಆಮೇಲೆ ದೇಶಕ್ಕೇ ಹೋಯಿತು. 2023ರಿಂದ ಇಂಗ್ಲಿಷಿನಲ್ಲೂ ಆಲ್ ಇಂಡಿಯಾ ರೇಡಿಯೋ ಅನ್ನಬೇಡಿ, ಆಕಾಶವಾಣಿ ಅಂತಲೇ ಹೇಳಿ ಅಂದರು. ಕ್ಲಾಸಿನಲ್ಲಿ ಇದನ್ನ ಹೇಳಿದಾಗ ಒಬ್ಬ ಹುಡುಗ ಕೇಳಿದ, "ಸಾರ್, ನಿಮ್ಮ ಪ್ರೊಫೆಸರ್ ಇವತ್ತಾಗಿದ್ದರೆ ಪಾಡ್‌ಕಾಸ್ಟ್ ಮಾಡ್ತಿದ್ದರಾ?" ಉತ್ತರ ಹೊಳೆಯಲಿಲ್ಲ, ಹಾಜರಿ ಕರೆಯೋಕೆ ಶುರು ಮಾಡಿದೆ.

ಕಕ್ಕಬ್ಬೆ_ಜೇನು · ಸೆಪ್ಟೆಂಬರ್ 21, ರಾತ್ರಿ 10:15

ಎಲ್ಲರಿಗೂ ಲೆಕ್ಕ ಒಪ್ಪಿಸ್ತೇನೆ. ಶನಿವಾರ ಊರಿಗೆ ಹೋಗಿದ್ದೆ.

ಬಾಲದ ಕ್ಯಾಸೆಟ್ ಹಾಕಿದೆ. ಮೊದಲ ಸಲ ಹತ್ತು ಸೆಕೆಂಡಿಗೆ ಪ್ಲೇ ಗುಂಡಿ ಟಕ್ ಅಂತ ಎದ್ದಿತು. ಕ್ಯಾಸೆಟ್ ಮುಗಿದಿದೆ ಅಂತ ಸೆಟ್ಟು ತಿಳಿದುಕೊಳ್ಳುತ್ತೆ. ಒಳಗಿನ ಚಕ್ರಕ್ಕೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟ ಮೇಲೆ ಸರಿಯಾಯಿತು. ಆಮೇಲೆ ಬಂದ ಸದ್ದು! ಅಷ್ಟು ಸ್ವಚ್ಛ ಮಡಿಕೇರಿಯನ್ನ ಹಳೇ ಮನೆಯಲ್ಲೂ ಕೇಳಿರಲಿಲ್ಲ. ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಏನೂ ಹೇಳಲಿಲ್ಲ. ಕುರ್ಚಿ ಎಳೆದು ಸೆಟ್ಟಿನ ಪಕ್ಕ ಹಾಕ್ಕೊಂಡರು, ಅಷ್ಟೇ. ನಮ್ಮ ಮನೆಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಆದರೆ ಭಾನುವಾರ ಬೆಳಿಗ್ಗೆ ತಕರಾರು ಶುರು. ವಾರ್ತೆಗೆ ಮುಂಚೆ ಪೀಪ್ ಪೀಪ್ ಬರುತ್ತಲ್ಲ, ಅಪ್ಪ ನಲವತ್ತು ವರ್ಷದಿಂದ ಅದಕ್ಕೆ ವಾಚು ಹೊಂದಿಸೋರು. ಆವತ್ತು ಹೊಂದಿಸಿದರು. ಆಮೇಲೆ ಟಿವಿ ನೋಡಿದರು, ನನ್ನ ಫೋನ್ ನೋಡಿದರು. "ಮಡಿಕೇರಿ ನಲವತ್ತು ಸೆಕೆಂಡ್ ಲೇಟ್" ಅಂದರು. ಅದು ನೆಟ್ಟಿನಿಂದ ಬರೋದು ಅಪ್ಪ, ಸ್ವಲ್ಪ ತಡ ಅಂದೆ. "ಆಕಾಶವಾಣಿ ಲೇಟಾಗಲ್ಲ. ನಿನ್ನ ಕ್ಯಾಸೆಟ್ ಲೇಟು."

ಇದಕ್ಕೆ ಏನು ಮಾಡೋದು? ಇದನ್ನ ಸರಿ ಮಾಡದಿದ್ದರೆ ಇದರ ಮೇಲೂ ಟವೆಲ್ ಬೀಳುತ್ತೆ.

ಸುಂಟಿಕೊಪ್ಪದವ · ಸೆಪ್ಟೆಂಬರ್ 21, ರಾತ್ರಿ 10:50

ಸರಿ ಮಾಡೋಕಾಗಲ್ಲ ಬ್ರದರ್. ಅದು ರೋಗ ಅಲ್ಲ, ಅದರ ನಡಿಗೆಯೇ ಹಾಗೆ. ಗಾಳಿಯಲ್ಲಿ ಬರೋದು ಹೊಳೆ ನೀರಿನ ಹಾಗೆ, ಮಾತಾಡಿದ ಕ್ಷಣಕ್ಕೇ ನಿಮ್ಮ ಮನೆಯಲ್ಲಿ. ನೆಟ್ಟಿನಲ್ಲಿ ಹೋಗೋದು ಟ್ಯಾಂಕರ್ ನೀರು. ಸ್ಟುಡಿಯೋದ ಸದ್ದನ್ನ ಕೆಲವು ಸೆಕೆಂಡಿನ ತುಂಡು ತುಂಡು ಮಾಡ್ತಾರೆ. ಒಂದು ತುಂಡು ಪೂರ್ತಿ ತುಂಬಿದ ಮೇಲೆ ಸರ್ವರಿಗೆ. ಅಲ್ಲಿಂದ ನಿಮ್ಮ ಫೋನು ಎಳ್ಕೊಳ್ಳುತ್ತೆ. ಮಧ್ಯ ಲೈನ್ ತಪ್ಪಿದರೂ ಹಾಡು ನಿಲ್ಲಬಾರದು ಅಂತ ಎರಡು ಮೂರು ತುಂಡು ಮುಂಚೆಯೇ ಕೂಡಿಟ್ಟು ಆಮೇಲೆ ಹಾಡೋಕೆ ಶುರು ಮಾಡುತ್ತೆ. ಹತ್ತು ಸೆಕೆಂಡಿನ ತುಂಡಾದರೆ ಮೂವತ್ತು ಅಲ್ಲೇ ಹೋಯಿತು, ದಾರಿ ಖರ್ಚು ಬೇರೆ.

ಕೂಡಿಟ್ಟದ್ದು ಕಮ್ಮಿ ಮಾಡಿದರೆ ತಡ ಕಮ್ಮಿಯಾಗುತ್ತೆ, ಆದರೆ ಲೈನ್ ಸ್ವಲ್ಪ ಅಲ್ಲಾಡಿದರೂ ಕಟ್ ಕಟ್. ನಮ್ಮ ಮಳೆಗೆ ಆ ತಡವೇ ಕೊಡೆ. ವಾಚಿಗೆ ಬೇರೆ ದಾರಿ ನೋಡಿ.

ನಿವೃತ್ತ_ಲೈನ್‌ಮ್ಯಾನ್ · ಸೆಪ್ಟೆಂಬರ್ 22, ಬೆಳಿಗ್ಗೆ 6:30

ನಿಮ್ಮ ಅಪ್ಪನ ಮಾತೇ ಸರಿ. 69 ಸೆಂಟಿಮೀಟರ್, ಎರಡು ತುಂಡು. ಕಟ್ಟಿದ್ರಾ?

ಕಕ್ಕಬ್ಬೆ_ಜೇನು · ಸೆಪ್ಟೆಂಬರ್ 22, ಬೆಳಿಗ್ಗೆ 8:00

ಇಲ್ಲ ಅಣ್ಣ 🙏 ದಸರಾಕ್ಕೆ ಹೋದಾಗ ಖಂಡಿತ.

ಹೂಮಳೆ · ಸೆಪ್ಟೆಂಬರ್ 22, ಬೆಳಿಗ್ಗೆ 11:20

ಈ ವಿಷಯ ಬಂದದ್ದಕ್ಕೆ ಒಂದು ಮಾತು. ನೆಟ್ ರೇಡಿಯೋದಿಂದ ನನಗಾದ ದೊಡ್ಡ ಉಪಕಾರ ಅಂದರೆ ಉಳಿಸಿಟ್ಟುಕೊಳ್ಳೋಕಾಗೋದು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಹಾಕಿ ಪ್ರಸಾರದ ವಿಳಾಸ ಕೊಟ್ಟರೆ ಹಾಡುತ್ತೆ, ರೆಕಾರ್ಡ್ ಗುಂಡಿ ಒತ್ತಿದರೆ ಫೈಲಾಗುತ್ತೆ. ಹಿರಿಯರೊಬ್ಬರು ಕೊಡವ ತಕ್ಕ್‌ನಲ್ಲಿ ಹಳೇ ಮದುವೆ ಪದ್ಧತಿ ಬಗ್ಗೆ ಮಾತಾಡಿದ್ದು ಹಾಗೆ ಸಿಕ್ಕಿತು. ನನ್ನ ಮಗಳು ಕೊಡವದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡೋಳು. ಅದನ್ನ ಮಲಗೋ ಮುಂಚೆ ಹಾಕ್ತೇನೆ. ಈಗ ಕೆಲವು ಮಾತಿಗೆ ಅರ್ಥ ಕೇಳ್ತಾಳೆ, ಎರಡಕ್ಕೆ ನನಗೂ ಗೊತ್ತಿರಲಿಲ್ಲ, ಅತ್ತೆಗೆ ಫೋನ್ ಮಾಡಿ ಕೇಳಿದೆ.

ಶಾಂತಳ್ಳಿ_ಮೇಷ್ಟ್ರು · ಸೆಪ್ಟೆಂಬರ್ 22, ಮಧ್ಯಾಹ್ನ 12:45

ಮನೆಮಟ್ಟಿಗೆ ಸರಿ. ಗುಂಪುಗಳಲ್ಲಿ ಹಂಚಬೇಡಿ, ಅದು ನಿಲಯದವರ ಸ್ವತ್ತು, ಮಾತಾಡಿದವರದ್ದೂ.

ಕುಟ್ಟ_ಗಡಿ · ಸೆಪ್ಟೆಂಬರ್ 22, ಮಧ್ಯಾಹ್ನ 1:10

ಮೇಷ್ಟ್ರೇ, ಹಂಚದೆ ಇದ್ದರೆ ಅದನ್ನ ಕೇಳೋ ಹತ್ತು ಜನ ಹುಟ್ಟೋದು ಹೇಗೆ? ಒಂದು ಸಲ ಗಾಳಿಗೆ ಬಿಟ್ಟ ಮಾತು ಮತ್ತೆ ಸಿಗಲ್ಲ. ಭಾಷೆ ಆಡೋರು ಕಮ್ಮಿ ಆಗ್ತಿರೋವಾಗ ಸ್ವತ್ತು ಅಂತ ಬೀಗ ಹಾಕಿದರೆ ಒಳಗೇ ಗೆದ್ದಲು ಹಿಡಿಯುತ್ತೆ.

ಶಾಂತಳ್ಳಿ_ಮೇಷ್ಟ್ರು · ಸೆಪ್ಟೆಂಬರ್ 22, ಮಧ್ಯಾಹ್ನ 1:32

ನಿಲಯಕ್ಕೆ ಒಂದು ಕಾಗದ ಬರೆದು ಕೇಳಿ ಅಂತ ನನ್ನ ಮಾತು. ಕೇಳುಗರ ಪತ್ರ ಅಂದರೆ ಈಗಲೂ ಅವರು ಓದ್ತಾರೆ. ಬೀಗದ ಕೈ ಅವರ ಹತ್ತಿರ ಇದೆ, ಬಾಗಿಲು ಒಡೆಯೋದೇಕೆ.

ಕಕ್ಕಬ್ಬೆ_ಜೇನು · ಅಕ್ಟೋಬರ್ 5, ರಾತ್ರಿ 8:30

ಲೈನ್‌ಮ್ಯಾನ್ ಅಣ್ಣ, ಕಟ್ಟಿದೆ. ದಸರಾಕ್ಕೆ ಹೋಗಿ ಮೊದಲು ಮಾಡಿದ ಕೆಲಸ ಅದೇ.

ಸೂರಿನ ಮೂಲೆಯಲ್ಲಿ ಕಟ್ಟಿದರೆ ಏನೂ ಇಲ್ಲ. ಹಟ್ಟಿ ಮೇಲೆ ಇಟ್ಟೆ, ಮಲಯಾಳ ಬಂತು. ಕೊನೆಗೆ ಅಪ್ಪನೇ ಊರುಗೋಲು ಹಿಡಿದು ಹೊರಗೆ ಬಂದು ಮಿಲಿಟರಿ ಥರ ಕೈ ಮಾಡಿ "ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲು" ಅಂತ ಆರ್ಡರ್ ಕೊಟ್ಟರು. ಮಡಿಕೇರಿ ಕಡೆಗಲ್ಲ, ಎದುರು ಗುಡ್ಡದ ಕಡೆ ಮುಖ ಮಾಡಿದಾಗ ಬಂತು! ನೀವು ಹೇಳಿದ ಹಾಗೆ ತಾಗಿ ವಾಪಸ್ ಬರೋದು. ಸ್ವಚ್ಛ ಅಲ್ಲ, ಹಿಂದೆ ಮಳೆ ಬಿದ್ದ ಹಾಗೆ ಸದ್ದು ಇದ್ದೇ ಇದೆ, ಆದರೆ ಮಾತು ಅರ್ಥವಾಗುತ್ತೆ. ಅದಕ್ಕೆ ಒಂದು ಸಣ್ಣ ಸೆಲ್ಲಿನ ಟ್ರಾನ್ಸಿಸ್ಟರ್ ಕಟ್ಟಿ ಕಿಟಕಿಯಲ್ಲಿಟ್ಟೆ.

ಎರಡನೇ ರಾತ್ರಿಯೇ ಪರೀಕ್ಷೆ ಆಯಿತು. ಗಾಳಿಮಳೆ, ಕರೆಂಟು ಹೋಯಿತು, ಬೆಳಿಗ್ಗೆ ನೋಡಿದರೆ ಫೈಬರೂ ಇಲ್ಲ. ಸಿಲ್ವರ್ ಅಲ್ಲ ಅಣ್ಣ, ಬೈನೆ ಮರ. ಒಂದೂವರೆ ದಿನ ಮನೆಯಲ್ಲಿ ಮಾತಾಡಿದ್ದು ಆ ಟ್ರಾನ್ಸಿಸ್ಟರ್ ಒಂದೇ. ಅಪ್ಪ ವಾಚು ಹೊಂದಿಸಿಕೊಂಡರು.

ನಿವೃತ್ತ_ಲೈನ್‌ಮ್ಯಾನ್ · ಅಕ್ಟೋಬರ್ 5, ರಾತ್ರಿ 8:41

ಮರದ ಬುಡಕ್ಕೆ ನನ್ನ ನಮಸ್ಕಾರ ಹೇಳಿ.

ಮಸ್ಕತ್‌_ಮಡಿಕೇರಿ · ಅಕ್ಟೋಬರ್ 16, ರಾತ್ರಿ 11:05

ನಾಳೆ ತುಲಾ ಸಂಕ್ರಮಣ. ತಲಕಾವೇರಿ ತೀರ್ಥೋದ್ಭವದ ನೇರ ವಿವರಣೆ ರೇಡಿಯೋದಲ್ಲಿ ಕೇಳೋರು ಮುಂಚೆಯೇ ಆ್ಯಪ್ ತೆರೆದಿಟ್ಟುಕೊಳ್ಳಿ, ಕಡೇ ಹೊತ್ತಿಗೆ ಎಲ್ಲರೂ ನುಗ್ಗಿದರೆ ಸುತ್ತುತ್ತಾ ಕೂರುತ್ತೆ. ಹೋದ ಸಲ ನಾನು ಗಾಡಿಯಲ್ಲಿದ್ದೆ, ಅಲ್ಲಿ ಜನ "ಜೈ ಜೈ ಕಾವೇರಿ" ಅನ್ನೋದು ಕೇಳುವಾಗ ಇಲ್ಲಿ ಸಿಗ್ನಲ್ ಕೆಂಪಿತ್ತು, ಸ್ಟೇರಿಂಗಿಗೇ ಕೈ ಮುಗಿದೆ. ಪಕ್ಕದ ಗಾಡಿಯ ಪಠಾಣ್ ನನ್ನನ್ನ ನೋಡಿ ತಾನೂ ತಲೆ ಬಗ್ಗಿಸಿದ.

ಲೀಡ್ಸ್‌ನಿಂದ · ಅಕ್ಟೋಬರ್ 17, ಬೆಳಿಗ್ಗೆ 11:50

ರಜೆ ಹಾಕಿದ್ದೇನೆ. ಆ್ಯಪ್ ತೆರೆದಿದೆ, ಕಂಚಿನ ಚೊಂಬಿನಲ್ಲಿ ನಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟಿದ್ದೇನೆ. ನಗಬೇಡಿ.

ಕಕ್ಕಬ್ಬೆ_ಜೇನು · ಅಕ್ಟೋಬರ್ 18, ಬೆಳಿಗ್ಗೆ 9:20

ನಿನ್ನೆಯ ಕತೆ. ನಾನು ಬೆಂಗಳೂರಿನಲ್ಲಿ, ಅವ್ವ ಫೋನಿನಲ್ಲಿ ಹೇಳಿದ್ದು.

ಅಪ್ಪನಿಗೆ ಈ ಸಲ ಬೆಟ್ಟ ಹತ್ತೋಕಾಗಲಿಲ್ಲ. ಬೆಳಿಗ್ಗೆಯಿಂದ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಎರಡೂ ರೇಡಿಯೋ ಹಾಕಿ ಕೂತಿದ್ದಾರೆ. ಕಿಟಕಿಯಲ್ಲಿ ಟ್ರಾನ್ಸಿಸ್ಟರ್, ಮೇಜಿನ ಮೇಲೆ ಬಾಲದ ಕ್ಯಾಸೆಟ್. ಒಂದು ಹೇಳಿದ್ದನ್ನ ಇನ್ನೊಂದು ಮುಕ್ಕಾಲು ನಿಮಿಷ ಬಿಟ್ಟು ಹೇಳುತ್ತೆ, ಮನೆಯಲ್ಲಿ ದೆವ್ವ ಇದ್ದ ಹಾಗೆ. ಅವ್ವ ಒಂದನ್ನ ಆರಿಸಿ ಅಂದರೆ ಕೇಳಲಿಲ್ಲವಂತೆ.

ಟ್ರಾನ್ಸಿಸ್ಟರಿನಲ್ಲಿ ತೀರ್ಥ ಉಕ್ಕಿತು. ಜೊರ್ರ್ ಸದ್ದಿನ ನಡುವೆಯೇ ಜನರ ಕೂಗು. ಅಪ್ಪ ಎದ್ದು ನಿಂತು ಕೈ ಮುಗಿದರು. ಅವ್ವನೂ. ಕೂತರು. ಅವ್ವ ಇನ್ನೇನು ಒಳಗೆ ಹೋಗಬೇಕು, ಅಷ್ಟರಲ್ಲಿ ಮೇಜಿನ ಮೇಲಿನದ್ದರಲ್ಲಿ ಗಂಟೆ, ಮಂತ್ರ, ಕೂಗು, ಎಲ್ಲ ಸ್ಪಷ್ಟವಾಗಿ. ಅಪ್ಪ ಮೊಣಕಾಲು ಹಿಡ್ಕೊಂಡು ಮತ್ತೆ ಎದ್ದರಂತೆ.

"ಈಗಷ್ಟೇ ಆಯಿತಲ್ಲ?" ಅಂತ ಅವ್ವ.

"ಇದು ಹೊರದೇಶದಲ್ಲಿ ಇರೋ ಮಕ್ಕಳದ್ದು" ಅಂದರಂತೆ ಅಪ್ಪ.

ಲೀಡ್ಸ್‌ನಿಂದ · ಅಕ್ಟೋಬರ್ 18, ಮಧ್ಯಾಹ್ನ 12:10

🙏

ಕುಟ್ಟ_ಗಡಿ · ಅಕ್ಟೋಬರ್ 18, ಸಂಜೆ 5:00

ಆ ಬಾಲದ ಕ್ಯಾಸೆಟ್ ಗೋಣಿಕೊಪ್ಪದಲ್ಲಿ ಸಿಗ್ತದಾ, ಮೈಸೂರಿಗೇ ಹೋಗಬೇಕಾ?

ಹೂಮಳೆ · ಅಕ್ಟೋಬರ್ 18, ಸಂಜೆ 5:25

ಹಳೇ ಕಾರ್ ಸ್ಟೀರಿಯೋ ರಿಪೇರಿ ಮಾಡೋರ ಹತ್ತಿರ ಕೇಳಿ, ಡಬ್ಬಿಯ ಅಡಿಯಲ್ಲಿ ಒಂದಾದರೂ ಇರುತ್ತೆ. ತಗೊಳ್ಳುವಾಗ ಅಲ್ಲೇ ಹಾಕಿ ನೋಡಿ, ಎರಡೂ ಕಡೆ ಸದ್ದು ಬರಬೇಕು. ಎಣ್ಣೆ ಒಂದೇ ಹನಿ.